ಅತ್ತೆಯನ್ನು ಬದುಕಿಸುವ ಕೆಲಸ

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಅಳಿಯನ ಕಾಲದ ಬಗ್ಗೆ ಯಾರೂ ಏನೂ ಹೇಳಿಟ್ಟಿಲ್ಲ. ಕಾಂಪೌಂಡರಿಗೆ ಆ ಕಾಲ ಕೆಟ್ಟು ಎಂಟು ತಿಂಗಳಾಗಿತ್ತು. ಒಂದೇ ಸೂರಿನಡಿ ಇರುವ ಅತ್ತೆ ಅವನ ಹತ್ತಿರ ಮಾತು ಬಿಟ್ಟಿದ್ದರು. ಮಾತು ಬಿಟ್ಟರು ಎಂದರೆ ಬಾಯಿ ಮುಚ್ಚಿದರು ಎಂದಲ್ಲ. ಅವನಿಗೆ ಹೇಳಬೇಕಾದ್ದನ್ನೆಲ್ಲ ಅವನ ಪಕ್ಕದಲ್ಲೇ ನಿಂತು ಫ್ರಿಜ್ಜಿಗೆ ಹೇಳುತ್ತಿದ್ದರು. "ಹಾಲು ಮುಗಿದಿದೆ. ತರೋರು ತರಬಹುದು." ಫ್ರಿಜ್ಜು ಗುಂಯ್ ಎನ್ನುತ್ತಿತ್ತು. ಅವನು ಹೋಗಿ ತರುತ್ತಿದ್ದ. 'ಅಳಿಯ ಅಲ್ಲ, ಮಗಳ ಗಂಡ' ಎಂಬ ಗಾದೆಯಲ್ಲಿ ಎರಡೂ ಒಂದೇ. ಈ ಮನೆಯಲ್ಲಿ ಮಾತ್ರ ಬೇರೆ ಬೇರೆ ಹುದ್ದೆ. ಮೊದಲನೆಯದರಿಂದ ಅವನನ್ನು ತೆಗೆದುಹಾಕಲಾಗಿತ್ತು.

ಆದದ್ದಿಷ್ಟು. ಕಿವಿನೋವೆಂದು ಅತ್ತೆ ಅವನ ಕ್ಲಿನಿಕ್ಕಿಗೆ ಹೋಗಿದ್ದರು. ಅವನು ಮೂವತ್ತೊಂದನೇ ಟೋಕನ್ ಕೊಟ್ಟು, ಮೂವತ್ತು ಜನ ಮುಗಿಯುವವರೆಗೆ ಬೆಂಚಿನ ಮೇಲೆ ಕೂರಿಸಿದ್ದ. ಅವನ ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ಸಾಲು ಮುರಿದು ಒಳಗೆ ಹೋದವರು ಇಲ್ಲ. ಒಮ್ಮೆ ಡಾಕ್ಟರೇ ತಡವಾಗಿ ಬಂದಾಗ ಅಭ್ಯಾಸಬಲದಿಂದ ಅವರಿಗೂ ಟೋಕನ್ ಕೊಟ್ಟಿದ್ದ.

ಈ ಗಂಟನ್ನು ಬಿಡಿಸುವ ಉಪಾಯ ಹೆಂಡತಿಯದು. ಬಸ್ ಡಿಪೋದಲ್ಲಿ ಕಂಟ್ರೋಲರಾಗಿ ನಿವೃತ್ತರಾದ ಮೇಲೆ ಅಮ್ಮನಿಗೆ ಹೊತ್ತು ಹೋಗಲೆಂದು ಆನ್‌ಲೈನ್ ಆಟವೊಂದನ್ನು ಅವಳೇ ಕಲಿಸಿದ್ದಳು. ಅತ್ತೆ ಆರೇ ತಿಂಗಳಲ್ಲಿ ಹತ್ತು ಜನರ ಪಡೆಗೆ ಲೀಡರಾದರು. ಹೊರಡಿಸಲು ಬಸ್ಸಿಲ್ಲದಿದ್ದರೆ ಮನುಷ್ಯರನ್ನಾದರೂ ಹೊರಡಿಸಬೇಕಲ್ಲ.

"ಹೀಲರ್ ಕೈ ಕೊಟ್ಟಿದ್ದಾನೆ. ಭಾನುವಾರ ರೇಡ್‌ಗೆ ನೀವು ಬನ್ನಿ," ಎಂದಳು ಹೆಂಡತಿ.

"ರೇಡ್ ಅಂದ್ರೆ ಅಧಿಕಾರಿಗಳು ಬಂದು ಬೀರು ಜಾಲಾಡೋದಲ್ವಾ?"

"ಅಲ್ಲ ರೀ. ಹತ್ತು ಜನ ಸೇರ್ಕೊಂಡು ಒಂದು ಹಾವು ಹೊಡೆಯೋದು."

"ಒಂದು ಹಾವಿಗೆ ಹತ್ತು ಜನಾನಾ?"

"ನಮ್ಮ ಬೀದಿಯಷ್ಟು ಉದ್ದ ಇದೆ ರೀ ಹಾವು. ಅಮ್ಮ ಮುಂದೆ ನಿಂತು ಅದರ ಏಟೆಲ್ಲ ತಿಂತಾರೆ. ಅದಕ್ಕೆ ಟ್ಯಾಂಕ್ ಅಂತಾರೆ. ನಾನು ಹಿಂದಿನಿಂದ ಬಾಣ ಬಿಡ್ತೀನಿ. ನೀವು ಹೀಲರ್, ಏಟು ತಿಂದೋರಿಗೆ ಮದ್ದು ಹಾಕೋದು. ದಿನಾ ಮಾಡೋ ಕೆಲ್ಸ ತಾನೆ?" ಆಮೇಲೆ ದನಿ ತಗ್ಗಿಸಿದಳು. "ಹೊಸಬರಿಗೆ ಮೂರು ಅವಕಾಶ. ಆಮೇಲೆ ಇಟ್ಕೋಬೇಕಾ ಬೇಡ್ವಾ ಅಂತ ಲೀಡರ್ ಹೇಳ್ತಾರೆ. ಇಟ್ಕೊಂಡ್ರೆ ಪ್ರತಿ ಭಾನುವಾರ ನಿಮ್ಮ ಹತ್ರ ಮಾತಾಡ್ಲೇಬೇಕು. ಬೇರೆ ದಾರಿ ಇಲ್ಲ ಅವರಿಗೆ."

ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಅತ್ತೆ ತಮ್ಮ ಕೋಣೆಯಲ್ಲಿ, ಹೆಂಡತಿ ನಡುಮನೆಯಲ್ಲಿ, ಕಾಂಪೌಂಡರ್ ಮಲಗುವ ಕೋಣೆಯಲ್ಲಿ ಇಸ್ತ್ರಿ ಮೇಜಿನ ಮುಂದೆ ಕೂತರು. ಅತ್ತೆಯ ದನಿ ಮೊದಲು ಗೋಡೆಯಾಚೆಯಿಂದ, ಅರೆ ಕ್ಷಣದ ನಂತರ ಹೆಡ್‌ಫೋನಿನಿಂದ ಬರುತ್ತಿತ್ತು. ಎಂಟು ತಿಂಗಳು ಒಮ್ಮೆಯೂ ಸಿಗದಿದ್ದದ್ದು ಈಗ ಎರಡೆರಡು ಸಲ ಸಿಗುತ್ತಿತ್ತು. ಆದರೆ ಅದು ಅವನಿಗಾಗಿ ಇರಲಿಲ್ಲ.

"ಮೇಷ್ಟ್ರೇ, ಹೊಸ ಹೀಲರ್‌ಗೆ ಹೇಳಿ, ಬಂಡೆ ಹಿಂದೆ ನಿಲ್ಲಬೇಕಂತೆ ಅಂತ," ಎಂದರು ಅತ್ತೆ.

ಮೇಷ್ಟ್ರು ಎಲ್ಲೋ ದೂರದ ಊರಿನಲ್ಲಿ ಭೂಗೋಳ ಕಲಿಸುವವರು. ಇಲ್ಲಿ ಕೊಡಲಿ ಬೀಸುವವರು. "ಬಂಡೆ ಹಿಂದೆ ನಿಲ್ಲಬೇಕಂತೆ ಸಾರ್," ಎಂದರು.

"ಆಯ್ತಂತೆ ಅಂತ ಹೇಳಿ," ಎಂದ ಕಾಂಪೌಂಡರ್.

ಹಾವು ಬಂತು. ಪರದೆಯ ಎಡಗಡೆ ಹತ್ತು ಹಸಿರು ಪಟ್ಟಿಗಳು, ಒಬ್ಬೊಬ್ಬರ ಜೀವಕ್ಕೆ ಒಂದೊಂದು. ಏಟು ಬಿದ್ದಂತೆ ಪಟ್ಟಿ ಕರಗುತ್ತದೆ, ಒತ್ತಿದರೆ ತುಂಬುತ್ತದೆ. ಮೊದಲು ಹಾವಿನ ಬಾಲ ತಗುಲಿದ್ದು ಮೇಷ್ಟ್ರಿಗೆ, ಗೀರಿದಷ್ಟೇ. ನಂತರ ಹೆಂಡತಿಗೆ. ನಂತರ 'ಪಾಪು' ಎಂಬ ಹೆಸರಿಟ್ಟುಕೊಂಡಿದ್ದ ಐವತ್ತರ ಕ್ರೇನ್ ಆಪರೇಟರಿಗೆ. ನಾಲ್ಕನೆಯವರು ಅತ್ತೆ; ಹಾವು ಅವರನ್ನು ಒನಕೆಯಂತೆ ಕುಟ್ಟುತ್ತಿತ್ತು. ಕಾಂಪೌಂಡರ್ ಮೇಷ್ಟ್ರ ಗೀರಿಗೆ ಮದ್ದು ಹಾಕಿದ. ಹೆಂಡತಿಗೆ ಹಾಕಿದ. ಪಾಪುವಿಗೆ ಹಾಕುತ್ತಿದ್ದಾಗ ಅತ್ತೆ ಸತ್ತರು. ಮುಂದೆ ತಡೆಯುವವರಿಲ್ಲದೆ ಉಳಿದ ಒಂಬತ್ತು ಜನ ಹನ್ನೊಂದು ಸೆಕೆಂಡಿನಲ್ಲಿ ಸತ್ತರು.

"ಮೇಷ್ಟ್ರೇ, ಕೇಳಿ. ಟ್ಯಾಂಕ್‌ಗೆ ಯಾಕೆ ಮದ್ದು ಬರ್ಲಿಲ್ಲ ಅಂತ."

"ಅವರ ಸರದಿ ಬಂದಿರ್ಲಿಲ್ಲ," ಎಂದ ಕಾಂಪೌಂಡರ್.

ಗೋಡೆಯಾಚೆ ಕುರ್ಚಿಯೊಂದು ಕಿರ್ ಎಂದಿತು.

ಎರಡನೇ ಸಲ ಅವನು ತಿದ್ದಿಕೊಂಡ. ಟ್ಯಾಂಕನ್ನು ತುರ್ತು ಎಂದು ಪರಿಗಣಿಸಿ, ಇಬ್ಬರ ನಂತರ ಒಮ್ಮೆ ಅವರಿಗೆ ಕೊಟ್ಟ. ಹಾವಿನ ಜೀವ ಅರ್ಧಕ್ಕೆ ಇಳಿಯಿತು. ಆಗ ಅದು ಬಾಯಿ ತೆರೆದು ಬಂಡೆಯ ಕಡೆಗೆ ಹೊಗೆ ಉಗುಳಿತು.

"ಮೇಷ್ಟ್ರೇ! ಬಂಡೆ ಬಿಟ್ಟು ಬಲಕ್ಕೆ ಬರೋಕೆ ಹೇಳಿ!"

ಮೇಷ್ಟ್ರು ಅಷ್ಟರಲ್ಲಿ ಸತ್ತು, ಎದ್ದು ಟೀ ಸೋಸಲು ಹೋಗಿದ್ದರು. ಕಾಂಪೌಂಡರಿಗೆ ಮಾತು ಎರಡೂ ಸಲ ಸ್ಪಷ್ಟವಾಗಿ ಕೇಳಿಸಿತು. ಆದರೆ ತನಗಲ್ಲದ ಮಾತಿಗೆ ಓಗೊಟ್ಟರೆ ಅಧಿಕಪ್ರಸಂಗಿ ಎನ್ನುತ್ತಾರೆಂದು ಮೇಷ್ಟ್ರ ದಾರಿ ನೋಡುತ್ತ ನಿಂತ. ಹೊಗೆ ಬಂತು. ಅವನು ಸತ್ತ. ಮದ್ದಿಲ್ಲದೆ ಅತ್ತೆ ಸತ್ತರು. ಹಾವೂ ಸಾಯಲಿಲ್ಲ, ಕೋಲೂ ಉಳಿಯಲಿಲ್ಲ.

ಮೇಷ್ಟ್ರು ಲೋಟ ಹಿಡಿದು ಬಂದರು. "ನೋಡಿ ಕಂಟ್ರೋಲರಮ್ಮ, ನಾನೇನು ಅಂಚೆ ಪೆಟ್ಟಿಗೇನಾ? ಅವರಿಗೆ ಏನು ಹೇಳ್ಬೇಕೋ ನೀವೇ ಹೇಳಿ. ಇನ್ನೊಂದೇ ಅವಕಾಶ ಇರೋದು."

ಹೆಡ್‌ಫೋನಿನಲ್ಲಿ ಒಂಬತ್ತು ಜನರ ಉಸಿರು. ಆಮೇಲೆ ಗೋಡೆ ಮಾತಾಡಿತು.

"ನನ್ನ ಹೆಸರೇನು ಅಂತ ಕೇಳಿದ್ರಲ್ಲ ಅವತ್ತು ಕ್ಲಿನಿಕ್ಕಲ್ಲಿ?"

ಕಾಂಪೌಂಡರ್ ಮೈಕನ್ನು ಸರಿಮಾಡಿಕೊಂಡ. "ರಿಜಿಸ್ಟರಲ್ಲಿ ಬರೀಬೇಕಿತ್ತು ಅತ್ತೆ."

"ಹದಿನಾಲ್ಕು ವರ್ಷ ಒಂದೇ ಮನೇಲಿದ್ದು ಹೆಸರು ಗೊತ್ತಿಲ್ವಾ? ಅಷ್ಟು ಜನರ ಮುಂದೆ! 'ಹೆಸರು? ವಯಸ್ಸು?' ಅಂತ ಕಳ್ಳರನ್ನ ಕೇಳೋ ಹಾಗೆ!"

"ಅತ್ತೆ ಅಂತ ಮಾತ್ರ ಗೊತ್ತಿತ್ತು ಅತ್ತೆ. ಹೆಸರು ಹಿಡಿದು ಯಾವತ್ತು ಕರ್ದಿದ್ದೀನಿ? ರಿಜಿಸ್ಟರಲ್ಲಿ ಅತ್ತೆ ಅಂತ ಬರೆದ್ರೆ ಡಾಕ್ಟ್ರು ಯಾರ ಅತ್ತೆ ಅಂತಾರೆ."

"ಅದು ನ್ಯಾಯ," ಎಂದ ಪಾಪು.

"ನೀವ್ ಸುಮ್ನಿರ್ರೀ ಪಾಪು. ಮೂರೂಮುಕ್ಕಾಲು ಗಂಟೆ ಕೂತಿದ್ದೆ. ಅದಕ್ಕೆ ಬೇಜಾರಿಲ್ಲ; ಡಿಪೋದಲ್ಲಿ ನಾನೂ ಯಾರಿಗೂ ಬಸ್ ನಿಲ್ಲಿಸ್ದೋಳಲ್ಲ. ಆದ್ರೆ ಮಧ್ಯದಲ್ಲಿ ಒಂದ್ಸಲ ಬಂದು 'ನೋವು ಹೇಗಿದೆ ಅತ್ತೆ' ಅಂದ್ರೆ ಇವರ ಗಂಟೇನ್ ಹೋಗ್ತಿತ್ತು?"

ಕಾಂಪೌಂಡರ್ ಯೋಚಿಸಿದ. "ಏನೂ ಹೋಗ್ತಿರ್ಲಿಲ್ಲ," ಎಂದ. "ತಪ್ಪಾಯ್ತು."

"ಕೇಳಿಸ್ಲಿಲ್ಲ."

"ತಪ್ಪಾಯ್ತು ಅತ್ತೆ."

"ಎರಡ್ಸಲ ಕೇಳಿಸ್ತು ನಂಗೆ," ಎಂದಳು ಹೆಂಡತಿ ನಡುಮನೆಯಿಂದ.

ಮೂರನೇ ಸಲ ಹಾವಿನ ಮುಂದೆ ನಿಂತಾಗ ಅವನು ತನ್ನ ಇಪ್ಪತ್ತೆರಡು ವರ್ಷವನ್ನು ಪಕ್ಕಕ್ಕಿಟ್ಟ. ಅತ್ತೆಗೆ ಮೊದಲು, ಅತ್ತೆಗೆ ನಂತರ, ಅತ್ತೆಗೇ ಕೊನೆಗೆ. ಬೆರಳು ತಾನಾಗಿಯೇ ಸಾಲಿನ ಮೊದಲನೆಯವರ ಕಡೆ ಜಾರಿದಾಗ ಇನ್ನೊಂದು ಕೈಯಿಂದ ಎಳೆದು ತಂದ.

"ರೀ, ನಂಗೆ! ಸಾಯ್ತಿದ್ದೀನಿ ರೀ!" ಎಂದು ಹೆಂಡತಿ ಕೂಗಿದಳು.

"ಕೂತಿರಿ, ಕರೀತೀವಿ," ಎಂದ ಕಾಂಪೌಂಡರ್, ಪರದೆಯಿಂದ ಕಣ್ಣು ತೆಗೆಯದೆ. ಅವಳು ಸತ್ತಳು. ಪಾಪು ಸತ್ತ. ಮೇಷ್ಟ್ರು ಈ ಸಲ ಟೀ ಮುಗಿಸಿಯೇ ಬಂದಿದ್ದರು, ಬದುಕಿದ್ದರು. ಅತ್ತೆಯ ಹಸಿರು ಪಟ್ಟಿ ಕರಗುತ್ತಿತ್ತು, ತುಂಬುತ್ತಿತ್ತು, ಕರಗುತ್ತಿತ್ತು. ಹಾವಿನ ಜೀವ ನೂರಕ್ಕೆ ಹತ್ತಾಯಿತು. ಏಳಾಯಿತು. ನಾಲ್ಕಾಯಿತು. ಅದು ಮತ್ತೆ ಬಾಯಿ ತೆರೆಯಿತು.

"ಅಳಿಯಂದ್ರೇ! ಬಲಕ್ಕೆ!"

ಕಾಂಪೌಂಡರ್ ನಿಂತುಬಿಟ್ಟ. ಎರಡೂ ಕೈ ಮೇಜಿನ ಮೇಲೆ ಇದ್ದಲ್ಲೇ ಇದ್ದವು. ಗೋಡೆಯಿಂದ ಬಂದದ್ದು ಹೌದೇ ಎಂದು ಹೆಡ್‌ಫೋನಿನಲ್ಲಿ ಬರುವವರೆಗೆ ಕಾದ. ಅಲ್ಲೂ ಬಂತು. ಹೊಗೆಯೂ ಬಂತು.

ಹತ್ತು ಜನರೂ ಸತ್ತು ಮಲಗಿದ್ದರು. ಹಾವು, ಉಳಿದ ನಾಲ್ಕರಲ್ಲೇ ತೃಪ್ತಿಪಟ್ಟುಕೊಂಡು ಗುಹೆಗೆ ಹಿಂತಿರುಗಿತು.

"ಬಲಕ್ಕೆ ಅಂದ್ರೆ ಯಾಕ್ರೀ ನಿಂತ್ರಿ?"

"ಕರೆದ್ರಲ್ಲ ಅತ್ತೆ."

ಗೋಡೆಯಾಚೆ ಹೆಡ್‌ಫೋನ್ ಮೇಜಿಗೆ ಬಡಿದ ಸದ್ದು. ಚಪ್ಪಲಿಯ ಸದ್ದು ಕಾರಿಡಾರಿನಲ್ಲಿ ಬಂತು, ಕೋಣೆಯ ಬಾಗಿಲು ತೆರೆಯಿತು. ಅತ್ತೆ ಒಳಗೆ ಬಂದು, ಇಸ್ತ್ರಿಗಿಟ್ಟ ಬಟ್ಟೆಯನ್ನು ಮಂಚದ ಮೂಲೆಗೆ ಸರಿಸಿ, ಅವನೆದುರು ಕೂತರು.

"ಮೊದಲ್ನೇದಾಗಿ, ಮದ್ದು ಹಾಕ್ತಾ ಹಾಕ್ತಾ ನಡೆಯೋದು ಕಲೀಬೇಕು. ಎರಡ್ನೇದು, ಹಾವಿನ ಬಾಯಿ ನೋಡಿ, ನನ್ನ ಬಾಯಿ ಅಲ್ಲ. ಮೂರ್ನೇದು, ಒದ್ದೆ ಟವೆಲ್ಲನ್ನ ಬಾಗಿಲ ಮೇಲೆ ಹಾಕ್ಬೇಡಿ ಅಂತ ಮಾರ್ಚಿಂದ ಹೇಳೋಣ ಅಂತಿದ್ದೆ. ಗೇಟಿಗೆ ಚಿಲಕ ಹಾಕೋದು ಮರೀತೀರಿ. ಬೆಳಗ್ಗೆ ಶೇವ್ ಮಾಡ್ಕೊಳ್ವಾಗ ಶಿಳ್ಳೆ ಹಾಕ್ತೀರಿ, ಅದೂ ಅಪಸ್ವರದಲ್ಲಿ."

"ಹೂಂ ಅತ್ತೆ."

"ಹೂಂ ಅನ್ಬೇಡಿ, ಪೂರ್ತಿ ಕೇಳಿ."

ಹತ್ತು ನಿಮಿಷ ಕಳೆಯಿತು. ಅವನ ಮೈಕು ತೆರೆದೇ ಇತ್ತು. ಅವನು ಕೊರಳಿಗೆ ಇಳಿಸಿಕೊಂಡಿದ್ದ ಹೆಡ್‌ಫೋನಿನೊಳಗಿಂದ ಮೇಷ್ಟ್ರು ಗಟ್ಟಿಯಾಗಿ ಗಂಟಲು ಸರಿಮಾಡಿಕೊಂಡರು. "ಕಂಟ್ರೋಲರಮ್ಮ, ಕ್ಷಮಿಸಿ. ಹೀಲರ್ ಗುಂಪಲ್ಲಿ ಇದ್ದಾರೋ ಇಲ್ವೋ? ಅದೊಂದು ಹೇಳಿದ್ರೆ ನಾವು ಊಟಕ್ಕೆ ಏಳ್ತೀವಿ."

ಅತ್ತೆ ಮೈಕಿನ ಕಡೆ ಬಗ್ಗಿದರು.

"ಮಧ್ಯೆ ಬಾಯಿ ಹಾಕ್ಬೇಡಿ ಮೇಷ್ಟ್ರೇ. ನಮ್ಮ ಅಳಿಯಂದ್ರ ಹತ್ರ ಮಾತಾಡ್ತಿದ್ದೀನಿ."