ನವರಂಗದ ಉತ್ತರ

ಇವರು ಹಕ್ಕಿ ನೋಡಲು ಬಂದವರೋ, ಹಕ್ಕಿಗೆ ತಮ್ಮನ್ನು ತೋರಿಸಲು ಬಂದವರೋ ಎಂದು ಭುವನೇಶ್ವರಿಗೆ ರೇಗಿತು. ಖರಾಡಿಯ ಅವಳ ಆಫೀಸಿನವರೆಲ್ಲ ಎಲೆಬಣ್ಣದ ಟೋಪಿ ಹಾಕಿಕೊಂಡು, ವೇತಾಳ ಟೇಕಡಿ ಎಂಬ ಗುಡ್ಡದ ಕಾಡುದಾರಿಯಲ್ಲಿ ಅಪರೂಪದ ನವರಂಗ ಹಕ್ಕಿ ಹುಡುಕುತ್ತಿದ್ದರು. ಮುಂದೆ ಅವಳ ಟೀಮ್ ಲೀಡ್ ಮಿಥುನ. ಲೆನ್ಸು ತೋಳಿಗಿಂತ ದಪ್ಪ, ತಿಳಿವಳಿಕೆ ಸಾಸಿವೆಕಾಳಿನಷ್ಟು. ಹಕ್ಕಿಯನ್ನು ಕರೆಯಲು ಅವನು ಮೊಬೈಲಿನಲ್ಲಿ ಅದರ ಕೂಗಿನ ರೆಕಾರ್ಡಿಂಗ್ ಹಾಕಿದ. ಗುಡ್ಡದ ಆಚೆಯಿಂದ ಅದೇ ಕೂಗು ತಿರುಗಿ ಬಂತು.

"ರಿಪ್ಲೈ ಮಾಡ್ತಿದೆ! ಯಾರೂ ಉಸಿರೆತ್ಬೇಡಿ," ಎಂದ ಮಿಥುನ.

ಎಲ್ಲರೂ ಮುಳ್ಳುಪೊದೆಯೊಳಗೆ ತೆವಳಿದರು. ಇವರು ಹಾಕಿದರೆ ಅದು ಕೂಗುತ್ತಿತ್ತು, ಅದು ಕೂಗಿದರೆ ಇವರು ಹಾಕುತ್ತಿದ್ದರು. ಕೊನೆಗೆ ಪೊದೆ ಸರಿಸಿದರೆ ಎದುರಿಗೆ ತಳೇಗಾಂವದ ಇನ್ನೊಂದು ತಂಡ! ಅಂಥದೇ ಟೋಪಿ, ಅಂಥದೇ ಲೆನ್ಸು, ಕೈಯಲ್ಲಿ ಕೂಗುತ್ತಿರುವ ಮೊಬೈಲು.

ಎರಡೂ ತಂಡದವರು ಮಂಡಿಯ ಮಣ್ಣು ಕೊಡವಿಕೊಂಡು, ಬಂದ ದಾರಿಗೆ ಸುಂಕವಿಲ್ಲವೆಂದು ಹಿಂತಿರುಗಿದರು.

ಸಂಜೆ ಪಕ್ಷಿಪ್ರಿಯರ ವಾಟ್ಸಾಪ್ ಗುಂಪಿನಲ್ಲಿ ಮಿಥುನ ಬರೆದ: "ನವರಂಗ ಕಾಣಲಿಲ್ಲ, ಕೂಗು ಸ್ಪಷ್ಟವಾಗಿ ಕೇಳಿಸಿತು." ಅದರ ಕೆಳಗೇ ತಳೇಗಾಂವದವರು: "ನಮಗೂ ಕೇಳಿಸಿತು."

ಥೂ, ನಾಚಿಕೆಗೆಟ್ಟವರು ಎಂದುಕೊಂಡಳು ಭುವನೇಶ್ವರಿ. ಮುಂದಿನ ವಾರ ಅಪ್ರೈಸಲ್ ಇತ್ತು. ಮಿಥುನನ ಸಂದೇಶಕ್ಕೆ ಚಪ್ಪಾಳೆಯ ಇಮೋಜಿ ಒತ್ತಿದಳು.