ತಿದ್ದಿ ಓದಿದ ಸಾಲು

"ಯಾರಿಗಂತ ಓದಲಿ ಇದನ್ನ?"

ಊರಬಾಗಿಲ ಅಗಸಿಯ ಮುಂದೆ ಆಟೋ ನಿಲ್ಲಿಸಿ ಫಕೀರಪ್ಪ ಕೇಳಿದ. ಉತ್ತರ ಕೊಡಲು ಅಲ್ಲಿ ಯಾರೂ ಇರಲಿಲ್ಲ. ಅಂಗಡಿಗಳು ಮುಚ್ಚಿದ್ದವು. ಮನೆಗಳ ಬಾಗಿಲುಗಳೂ ಮುಚ್ಚಿದ್ದವು. ಅವನ ಎಡಗೈಯಲ್ಲಿ ಪಂಚಾಯ್ತಿ ಅಧ್ಯಕ್ಷರು ಕಳಿಸಿದ ಚೀಟಿ, ಬಲಗೈಯಲ್ಲಿ ನಾನು. ನನ್ನ ಗುಂಡಿಯನ್ನು ಅವನಿನ್ನೂ ಒತ್ತಿರಲಿಲ್ಲ.

ನಾನು ಒಂದು ಮೈಕು. ಹೇಳುವುದು ನನ್ನ ಕೆಲಸವೆಂದು ಜನ ತಿಳಿದಿದ್ದಾರೆ. ಅದು ಆಟೋದ ಮೇಲೆ ಕಟ್ಟಿದ ಹಾರ್ನ್ ಸ್ಪೀಕರಿನ ಕೆಲಸ. ನಾನು ಕೇಳುವವನು.

ಹುಬ್ಬಳ್ಳಿಯ ಸಣ್ಣ ಖೋಲಿಯೊಂದರಲ್ಲಿ ಕನ್ನಡಕದ ಹೆಂಗಸೊಬ್ಬಳು ನನ್ನ ತಂತಿಗಳನ್ನು ಬೆಸೆದಳು. ತಲೆಗೆ ಜಾಳಿಗೆ ತೊಡಿಸಿ, ಬಾಯಿಯ ಹತ್ತಿರ ತಂದು, "ಶಿವಾ" ಎಂದಳು. ನಾನು ಕೇಳಿದ ಮೊದಲ ಮಾತು ಅದು. ಆ ವರ್ಷವೇ ಕರೆಗಲ್ಲ ಎಂಬ ಈ ಊರಿನ ಭಕ್ತರು ಶ್ರಾವಣದ ಪುರಾಣಕ್ಕೆಂದು ನನ್ನನ್ನು ಕೊಂಡು ಮಠಕ್ಕೆ ಕೊಟ್ಟರು.

ಅಲ್ಲಿ ಪುರಾಣ ಓದುತ್ತಿದ್ದವರು ರಾಚಯ್ಯಜ್ಜ. ಪದ್ಯ ಶುರುವಾಗುವ ಮೊದಲು ಅವರು ಎಳೆದುಕೊಳ್ಳುವ ಉಸಿರು ಸಭೆಗೆ ಕೇಳುತ್ತಿರಲಿಲ್ಲ, ನನಗೆ ಕೇಳುತ್ತಿತ್ತು. ಇಪ್ಪತ್ತೆರಡು ಶ್ರಾವಣ ಆ ಉಸಿರಿನ ಮುಂದೆ ಕೂತೆ. ಅಜ್ಜನವರಿಗೊಂದು ಪದ್ಧತಿ ಇತ್ತು. ಸಾಲು ತಪ್ಪಿದರೆ ಮುಂದಕ್ಕೆ ಹೋಗುತ್ತಿರಲಿಲ್ಲ. ಪುಸ್ತಕದ ಮೇಲೆ ಬೆರಳಿಟ್ಟು, "ತಪ್ಪಿ ಓದೇನಿ, ತಿದ್ದಿ ಓದತೀನಿ" ಎಂದು ನನ್ನಲ್ಲೇ ಹೇಳಿ, ಆ ಸಾಲನ್ನು ಮೊದಲಿನಿಂದ ಓದುತ್ತಿದ್ದರು.

ಮೈಕ್ ಸೆಟ್ಟು ನೋಡಿಕೊಳ್ಳುತ್ತಿದ್ದವನು ಫಕೀರಪ್ಪ. ಒಮ್ಮೆ ಅವನು, "ಯಾರಿಗೂ ಗೊತ್ತಾಗಿದ್ದಿಲ್ಲ, ಬಿಡ್ರಿ ಅಜ್ಜಾರ" ಎಂದ.

"ಮೈಕಿಗೆ ಗೊತ್ತಾಗೇತಲ್ಲೊ, ಹುಚ್ಚಪ್ಪಾ."

ಸಭೆ ನಕ್ಕಿತು. ನನಗೆ ನಗು ಬರಲಿಲ್ಲ.

ಅಜ್ಜ ಲಿಂಗೈಕ್ಯರಾದ ಮೇಲೆ ಮಠಕ್ಕೆ ಹೊಸ ಸೆಟ್ಟು ಬಂತು, ನಾನು ಫಕೀರಪ್ಪನ ಆಟೋಗೆ ಬಂದೆ. ನಲ್ಲಿಯಲ್ಲಿ ನೀರು ಬಿಡುವ ಹೊತ್ತು, ತಪ್ಪಿಸಿಕೊಂಡ ಎಮ್ಮೆ, ತೀರಿಕೊಂಡವರ ಮಣ್ಣಿನ ಸುದ್ದಿ, ಎಲ್ಲವನ್ನೂ ಅವನು ನನ್ನಲ್ಲಿ ಓದುತ್ತಿದ್ದ. ಪುರಾಣದ ಅಭ್ಯಾಸ ಬಿಟ್ಟಿರಲಿಲ್ಲ. ಚೀಟಿ ಏನೇ ಇರಲಿ, ಮೊದಲು "ಶರಣು" ಎನ್ನುತ್ತಿದ್ದ.

ಊರೂರಿಗೂ ಮಾಸ್ಕು ತೊಡಿಸಿದ ರೋಗದ ಎರಡನೇ ವರ್ಷ ಅಂದಾನಪ್ಪ ಪಂಚಾಯ್ತಿ ಅಧ್ಯಕ್ಷನಾದ. ಜನ ಸೇರಬಾರದೆಂದು ಆಜ್ಞೆ ಇದ್ದರೂ ಒಂದು ಭಾನುವಾರ ಅವನಿಗೆ ಸನ್ಮಾನ ನಡೆಯಿತು. "ಸರ್ವರೂ ಬರಬೇಕು" ಎಂದು ಊರೆಲ್ಲ ಕರೆದವನು ಫಕೀರಪ್ಪ, ಕರೆದದ್ದು ನನ್ನ ಮೂಲಕ. ಮಾಸ್ಕುಗಳು ಗದ್ದದ ಕೆಳಗಿದ್ದವು. "ಇದು ಪ್ಯಾಟಿ ಮಂದಿ ರೋಗ, ನಮ್ಮೂರಿಗೆ ಬರಂಗಿಲ್ಲ" ಎಂದು ಅಂದಾನಪ್ಪ ಭಾಷಣ ಮಾಡಿದ. ಹಾರ ಕಟ್ಟಿದ ಹೂಗಾರ ಮುತ್ತಪ್ಪ ಒಂದು ಪದ ಹಾಡಿದ. ಅಂದು ಹನ್ನೊಂದು ಬಾಯಿಗಳು ನನ್ನ ಜಾಳಿಗೆಗೆ ತಾಗಿದವು. ನಡುವೆ ಒಮ್ಮೆಯೂ ಯಾರೂ ನನ್ನನ್ನು ಒರೆಸಲಿಲ್ಲ.

ಗುರುವಾರ ಮುತ್ತಪ್ಪನಿಗೆ ಜ್ವರ ಬಂತು. ಮರುವಾರದೊಳಗೆ ಅವನ ಮಣ್ಣಿನ ಸುದ್ದಿಯನ್ನು ಫಕೀರಪ್ಪ ನನ್ನಲ್ಲಿ ಓದಿದ. ಅಷ್ಟರಲ್ಲಿ ಮೂರು ಓಣಿಗಳಲ್ಲಿ ಕೆಮ್ಮು.

ಅದಾದ ಮೇಲೆ ಬಂದವಳು ಹುಲಿಗೆವ್ವ. ಗೋವಾದಲ್ಲಿ ಕಟ್ಟಡದ ಕೆಲಸ ನಿಂತು, ಜ್ವರದ ಅತ್ತೆಯನ್ನೂ ಪುಟ್ಟ ಮಗಳನ್ನೂ ಕರೆದುಕೊಂಡು ಊರಿಗೆ ಮರಳಿದ್ದಳು. ಹೊರಗಿಂದ ಬಂದವರೆಂದು ಪಂಚಾಯ್ತಿಯವರು ಅವರನ್ನು ಶಾಲೆಯಲ್ಲಿ ಬೇರೆ ಇರಿಸಿದರು. "ಯಾರು ತಂದರು?" ಎಂದು ಊರು ಕೇಳತೊಡಗಿತ್ತು, ಅಂದಾನಪ್ಪನಿಗೆ ಉತ್ತರ ಸಿಕ್ಕಿತು. ಮೊದಲ ಚೀಟಿ ಬಂತು: ರೋಗ ತಂದವರು ಗೋವಾದ ಹುಲಿಗೆವ್ವನ ಮನೆಯವರು, ಶಾಲೆಯ ಹತ್ತಿರ ಯಾರೂ ಸುಳಿಯಬಾರದು.

ಫಕೀರಪ್ಪ ಎಳೆದುಕೊಂಡ ಉಸಿರು ಅಂದು ಗಿಡ್ಡವಾಗಿತ್ತು. ಆದರೂ ಓದಿದ. ಅಂದು "ಶರಣು" ಎನ್ನಲಿಲ್ಲ.

ಮಧ್ಯಾಹ್ನದೊಳಗೆ ಶಾಲೆಯ ಬಾಗಿಲಿಗೆ ಜಾಲಿಕಂಟಿಯ ಮುಳ್ಳು ಬಿತ್ತು. ಅಲ್ಲಿನ ನಲ್ಲಿಯ ತಲೆಯನ್ನು ಯಾರೋ ಬಿಚ್ಚಿಕೊಂಡು ಹೋದರು. ಮರುದಿನ ಆಟೋ ಆ ಕಡೆ ಹಾದಾಗ ಮುಳ್ಳಿನ ಆಚೆಯಿಂದ ಹುಲಿಗೆವ್ವ ಕೂಗಿದಳು.

"ಫಕೀರಣ್ಣಾ, ಯಾವ ಓಣಿಗೆ ಯಾವಾಗ ನೀರಂತ ದಿನಾ ಒದರತೀಯಲ್ಲ, ನಮ್ಮ ಪಾಳಿ ಯಾವಾಗಂತ ಚೀಟ್ಯಾಗ ಬರದಿಲ್ಲೇನು? ಅತ್ತಿ ನಾಲಿಗಿ ಒಣಗೇತಿ."

ಫಕೀರಪ್ಪ ತನ್ನ ಬಾಟಲಿಯನ್ನು ಮುಳ್ಳಿನ ಮೇಲಿಂದ ಎಸೆದ. ಮೂವರಿಗೆ ಒಂದು ಬಾಟಲಿ.

ಎರಡನೇ ಚೀಟಿ ಬಂದದ್ದು ಅದರ ಮರುದಿನ. ಗೋವಾದವರು ಸಂಜೆಯೊಳಗೆ ಊರು ಬಿಡಬೇಕು, ಬಿಡದಿದ್ದರೆ ಗ್ರಾಮಸ್ಥರು ಬಿಡಿಸಬೇಕು. ಪಂಚಾಯ್ತಿ ಕಟ್ಟೆಯಲ್ಲಿ ಆಗಲೇ ಏಳೆಂಟು ಜನ ಬಡಿಗೆ ಹಿಡಿದು ಕೂತಿದ್ದರು. ಆ ಚೀಟಿ ನನ್ನ ಮೂಲಕ ಹೊರಗೆ ಬಂದರೆ ಅವರು ಏಳುತ್ತಾರೆ. ಮಲಗಿದಲ್ಲಿಂದ ಏಳಲಾರದ ಆ ಮುದುಕಿಯನ್ನು ಎಳೆದು ಹಾಕುತ್ತಾರೆ.

ಯಾರಿಗಂತ ಓದಲಿ ಎಂದು ಅವನು ಕೇಳಿದ್ದು ಆಗ. ಬಾಗಿಲುಗಳು ಮುಚ್ಚಿದ್ದರೂ ಪ್ರತಿ ಬಾಗಿಲ ಹಿಂದೆ ಕಿವಿ ಇದೆಯೆಂದು ಅವನಿಗೂ ಗೊತ್ತಿತ್ತು.

ಫಕೀರಪ್ಪ ಚೀಟಿ ಮಡಚಿ ಅಂಗಿಯ ಜೇಬಿಗೆ ಹಾಕಿದ. ತೊಡೆಯ ಮೇಲೆ, ಅಲ್ಲಿ ಪುಸ್ತಕ ಇದ್ದಂತೆ, ಬೆರಳಿಟ್ಟ. ಅಜ್ಜನವರ ಆ ಉದ್ದನೆಯ ಉಸಿರನ್ನು ನಾನು ಎಷ್ಟೋ ವರ್ಷದ ಮೇಲೆ ಕೇಳಿದೆ. ಗುಂಡಿ ಒತ್ತಿದ.

"ಶರಣು. ಮೊನ್ನೆ ತಪ್ಪಿ ಓದೇನಿ, ತಿದ್ದಿ ಓದತೀನಿ. ಮುತ್ತಪ್ಪಗ ಜ್ವರ ಬಂದಿದ್ದು ಗುರುವಾರ. ಹುಲಿಗೆವ್ವ ಬಂದಿದ್ದು ಆತನ ಮಣ್ಣಾದ ಮ್ಯಾಲೆ. ಸನ್ಮಾನಕ್ಕ ಬರ್ರಿ ಅಂತ ನಿಮ್ಮನ್ನ ಕರದಾಂವ ನಾನು. ಆಕೀ ಹೆಸರು ಓದಿದಾಂವನೂ ನಾನು. ಸಾಲಿಯೊಳಗ ಮೂರು ಜೀವ ನೀರಿಲ್ಲದ ಕೂತಾವ."

ಆಮೇಲೆ ಹೂಗಾರ ಓಣಿಯ ಒಂದು ಬಾಗಿಲು ತೆರೆಯಿತು. ಮುತ್ತಪ್ಪನ ಹೆಂಡತಿ ನೀಲವ್ವ, ಸೊಂಟದ ಮೇಲೆ ತುಂಬಿದ ಕೊಡ. ಯಾರ ಮುಖವನ್ನೂ ನೋಡದೆ ಅವಳು ಶಾಲೆಯತ್ತ ನಡೆದಳು. ಮುಳ್ಳು ಸರಿಸುವ ಸದ್ದು ನನಗೆ ಕೇಳಿಸಿತು. ಪಂಚಾಯ್ತಿ ಕಟ್ಟೆಯಲ್ಲಿ ಕೂತವರು ಬಡಿಗೆ ಹಿಡಿದು ಏಳಲಿಲ್ಲ.

ಈಗ ಕಸದ ಗಾಡಿಯಲ್ಲೂ ರೆಕಾರ್ಡು ಮಾಡಿದ ದನಿ ಇದೆ. ನಾನು ಫಕೀರಪ್ಪನ ಮನೆಯ ಗೂಡಿನಲ್ಲಿ, ವಿಭೂತಿ ಗಟ್ಟಿಯ ಪಕ್ಕ, ಬಟ್ಟೆ ಸುತ್ತಿಕೊಂಡು ಕೂತಿದ್ದೇನೆ. ಆ ಭಾನುವಾರದ ಹನ್ನೊಂದು ಉಸಿರುಗಳಲ್ಲಿ ರೋಗ ಯಾವುದರಲ್ಲಿತ್ತೋ ನಾನರಿಯೆ. ನನ್ನ ಜಾಳಿಗೆಯ ಮೇಲೆ ಕೂತು ಮುತ್ತಪ್ಪನ ಬಾಯಿಗೆ ಹೋಯಿತೋ ಏನೋ. ತಂದವರು ಯಾರೆಂದು ಊರೆಲ್ಲ ಕೇಳಿತು, ನನ್ನನ್ನು ಯಾರೂ ಕೇಳಲಿಲ್ಲ. ಆ ಭಾರ ನನ್ನಲ್ಲೇ ಇದೆ. ಅದರ ಜೊತೆಗೇ ಅಂದು ನಾನು ಕೇಳಿದ ಕಡೆಯ ಮಾತೂ ಇದೆ.

ಅಂದು ಫಕೀರಪ್ಪ ತಿದ್ದಿ ಓದಿದ ಮೇಲೆ ಅಂದಾನಪ್ಪ ಬೈಕಿನಲ್ಲಿ ಬಂದಿದ್ದ. ಮಾಸ್ಕು ಈಗ ಮೂಗಿನ ಮೇಲಿತ್ತು. ಮೊದಲು ಬೈದ. ನೀಲವ್ವನ ಹಿಂದೆ ಇನ್ನೂ ಇಬ್ಬರು ಹೆಂಗಸರು ಕೊಡ ಹೊತ್ತು ಹೋಗುವುದನ್ನು ಕಂಡು ದನಿ ಇಳಿಸಿದ.

"ಫಕೀರಪ್ಪ, ನಿನಗ ಮೈಯಾಗ ಆರಾಮಿಲ್ಲ. ಏನೋ ತಪ್ಪಿ ಅಂದಿ. ಹಂಗಂತ ಒಂದ ಮಾತು ಹೇಳಿಬಿಡು, ಸಾಕು. ನಾನು ಕೈ ಮುಗೀತೀನಿ."

ಫಕೀರಪ್ಪ ನನ್ನ ಗುಂಡಿಯನ್ನು ಬಿಟ್ಟಿರಲಿಲ್ಲ. ಅಧ್ಯಕ್ಷನ ಮಾತು ಆಗಲೇ ಹಾರ್ನಿನಿಂದ ಓಣಿ ಓಣಿಗೆ ಕೇಳಿತ್ತು. ಅವನ ಉತ್ತರವೂ ಕೇಳಿತು.

"ತಪ್ಪಿದ್ದನ್ನ ತಿದ್ದಿ ಆತ್ರಿ. ಇನ್ನೊಮ್ಮೆ ತಪ್ಪಿ ಓದೂದಿಲ್ಲ."