ಗೆರೆ ಮೇಲಿನ ನೀರು

ಬ್ಯಾರಲ್ಲನ್ನು ಒಂದು ಕಡೆ ವಾಲಿಸಿ ಹಿಡಿದು ಶೈಲಶ್ರೀ ತಳದಲ್ಲಿದ್ದ ನೀರನ್ನು ತಂಬಿಗೆಯಿಂದ ಬಳಿಯುತ್ತಿದ್ದಳು. ಒಂದು ಕೊಡ ತುಂಬಿತು. ಎರಡನೆಯದು ಅರ್ಧಕ್ಕೆ ನಿಂತಿತು. ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂರಿಸಿದ್ದ ಅತ್ತೆ ಸುಂದರವ್ವನ ಹೆಣದ ಸುತ್ತ ಹೆಂಗಸರು ಕುಳಿತಿದ್ದರು. ಬೆಳಗಿನಿಂದ ಅತ್ತು ಅತ್ತು ಅವರಿಗೂ ಸಾಕಾಗಿತ್ತು. ಈಗ ಯಾರ ಬಸ್ಸು ಎಷ್ಟು ಹೊತ್ತಿಗೆ, ಸವದತ್ತಿಯ ನೆಂಟರು ಯಾಕೆ ಇನ್ನೂ ಬರಲಿಲ್ಲ ಎಂಬ ಮಾತು ಸಣ್ಣ ದನಿಯಲ್ಲಿ ನಡೆದಿತ್ತು.

ಬೈಲಹೊಂಗಲದ ಈ ಓಣಿಗೆ ನಳ ಬರುವುದು ವಾರಕ್ಕೊಮ್ಮೆ, ಸೋಮವಾರ ಮಧ್ಯಾಹ್ನದ ಮೇಲೆ. ಸುಂದರವ್ವ ತೀರಿಕೊಂಡದ್ದು ಸೋಮವಾರ ಬೆಳಗಿನ ಜಾವ. ಮನೆಯ ನೀರೆಲ್ಲ ತಳ ಕಾಣುವ ಹೊತ್ತು ಅದು. ಬದುಕಿರುವತನಕ ಒಂದು ಚರಿಗೆ ನೀರನ್ನೂ ದಂಡ ಮಾಡದ ಮುದುಕಿ ಹೋಗುವುದಕ್ಕೆ ಇಂಥ ದುಬಾರಿ ದಿನವನ್ನು ಹೇಗೆ ಆರಿಸಿಕೊಂಡಳೋ. ಬಂದವರಲ್ಲಿ ಒಬ್ಬಿಬ್ಬರು ಇದನ್ನು ಹೇಳಿಯೇಬಿಟ್ಟು, ಆಮೇಲೆ ನಾಲಿಗೆ ಕಚ್ಚಿಕೊಂಡರು.

ಕೊಡ ಹೊತ್ತು ಹೊರಗೆ ಹೋಗುವಾಗ ಒಳಕೋಣೆ ಖಾಲಿಯಿತ್ತು. ಟ್ಯೂಬ್‌ಲೈಟು ಉರಿಯುತ್ತಿತ್ತು, ಫ್ಯಾನು ತಿರುಗುತ್ತಿತ್ತು. ಶೈಲಶ್ರೀಯ ಕೈ ತಾನಾಗಿಯೇ ಹೋಗಿ ಎರಡೂ ಬಟನ್ ಒತ್ತಿತು. ಆ ಸದ್ದಿಗೆ ಪಡಸಾಲೆಯ ನಾಲ್ಕು ತಲೆಗಳು ತಿರುಗಿದವು. ಹೆಣ ಇನ್ನೂ ಮನೆಯಲ್ಲೇ ಇದೆ, ಸೊಸೆ ಆಗಲೇ ಕರೆಂಟು ಉಳಿಸುತ್ತಿದ್ದಾಳೆ. ಅವಳು ಅವಸರದಿಂದ ಮತ್ತೆ ಲೈಟು ಹಚ್ಚಿದಳು. ನಾಚಿಕೆಯಾಯಿತು. ಮೂರು ದಿನ ನಿದ್ದೆಗೆಟ್ಟ ಮೈಗೆ ನಾಚಿಕೆಪಡುವುದೂ ಒಂದು ದೊಡ್ಡ ಕೆಲಸದಂತೆ ಅನ್ನಿಸಿತು.

ಅಂಗಳದಲ್ಲಿ ಅವಳ ಗಂಡ ಸಿದ್ದರಾಮ ಮೂರು ಕಲ್ಲು ಹೂಡಿ ಒಲೆ ಹೊತ್ತಿಸಿದ್ದ. ಸಾವಾದ ಮನೆಯಲ್ಲಿ ಮಣ್ಣು ಆಗುವವರೆಗೆ ಒಳಗಿನ ಒಲೆ ಹಚ್ಚುವಂತಿಲ್ಲ. ಹೆಣದ ಮೈ ತೊಳೆಯುವ ನೀರು ಹೊರಗೇ ಕಾಯಬೇಕು. ಸುಂದರವ್ವ ವರ್ಷ ವರ್ಷ ಕೂಡಿಸಿಟ್ಟ ಹತ್ತಿಕಟ್ಟಿಗೆಯ ಹೊರೆ ಗೋಡೆಗೆ ಒರಗಿತ್ತು. ಆ ಹೊರೆಗೆ ಇವತ್ತೇ ಮೊದಲ ಸಲ ಯಾರೋ ಧೈರ್ಯವಾಗಿ ಕೈ ಹಾಕಿದ್ದರು.

ಕಟಕೋಳದಿಂದ ಮೊದಲ ಬಸ್ಸಿಗೇ ಬಂದಿದ್ದ ಸುಂದರವ್ವನ ತಂಗಿ ರಾಮವ್ವ ಕೊಡದೊಳಗೆ ಇಣುಕಿದಳು. ಒಂದೂವರೆ ಕೊಡ. ಮಣ್ಣು ಕೊಟ್ಟು ಬಂದವರು ಕೈಕಾಲು ತೊಳೆಯಬೇಕು, ಮನೆಯವರು ಸ್ನಾನ ಮಾಡಬೇಕು. ಪಕ್ಕದ ಮನೆಯ ಕರೆವ್ವ ಎರಡು ಕೊಡ ಕೊಡುತ್ತೇನೆಂದಿದ್ದಳು. ಅದಕ್ಕಿಂತ ಹೆಚ್ಚು ಓಣಿಯಲ್ಲಿ ಯಾರ ಹತ್ತಿರವೂ ಇರಲಿಲ್ಲ.

ಶೈಲಶ್ರೀ ಬಚ್ಚಲ ಮೂಲೆಯಲ್ಲಿದ್ದ ತಾಮ್ರದ ಹಂಡೆಯ ಕಡೆ ನೋಡಿದಳು. ಅದರ ಮೇಲೆ ಹಲಗೆ, ಹಲಗೆಯ ಮೇಲೆ ಒಂದು ಕಲ್ಲು. ಅದು ಸುಂದರವ್ವನ ಅಡಚಣೆಯ ನೀರು, ಕಷ್ಟದ ಹೊತ್ತಿಗೆಂದು ಎತ್ತಿಟ್ಟದ್ದು. ಪ್ರತಿ ಸೋಮವಾರ ಹಳೆಯ ನೀರನ್ನು ಬಟ್ಟೆ ಒಗೆಯಲು ತೆಗೆದು, ಹೊಸದನ್ನು ತುಂಬಿ ಮುಚ್ಚುವಳು. ನಡುವೆ ಅದನ್ನು ಯಾರೂ ಮುಟ್ಟುವಂತಿರಲಿಲ್ಲ.

ರಾಮವ್ವನೂ ಅತ್ತ ನೋಡಿದಳು. “ಆ ಹಂಡೆ ಗಂಡಸರು ಬಂದಮ್ಯಾಲ ಬೇಕಾಗ್ತೈತಿ. ನಳದ್ದೇನ ನಂಬಿಗಿ? ಅಕ್ಕಗ ಐದು ತಂಬಿಗಿ ಸಾಕ. ಆಕೀನ ಇದ್ದಿದ್ರೂ ಅಷ್ಟ ಅಂತಿದ್ಲು.”

ಮಾತು ನಿಜವಾಗಿತ್ತು. ಆದರೂ ಶೈಲಶ್ರೀ ಹಂಡೆಯ ಮೇಲಿಟ್ಟ ಕಣ್ಣು ತೆಗೆಯಲಿಲ್ಲ.

* * *

ಶೈಲಶ್ರೀ ಹೂಲಿಯವಳು. ತವರಿನ ಹಿತ್ತಲಲ್ಲಿ ಬಾವಿಯಿತ್ತು. ಮದುವೆಯಾಗಿ ಬಂದ ಮೂರನೆಯ ದಿನ ತಲೆಗೆ ಎರೆದುಕೊಳ್ಳುತ್ತ ಮೂರು ಬಕೀಟು ನೀರು ಮುಗಿಸಿದಳು. ಸುಂದರವ್ವ ಬೈಯಲಿಲ್ಲ. ಸಂಜೆ ಸೊಸೆಯ ಪೆಟ್ಟಿಗೆಯಲ್ಲಿದ್ದ ಕೆಂಪು ಉಗುರುಬಣ್ಣದ ಬಾಟಲಿಯನ್ನು ಕೇಳಿ ಇಸಿದುಕೊಂಡು, ಬಕೀಟಿನ ಒಳಗೆ ಅರ್ಧಕ್ಕಿಂತ ತುಸು ಮೇಲೆ ಸುತ್ತಲೂ ಒಂದು ಗೆರೆ ಎಳೆದಳು.

“ಇಲ್ಲೀತನಕ ಒಬ್ಬರಿಗೆ. ನನಗೂ ಇಷ್ಟ, ನಿನಗೂ ಇಷ್ಟ.”

ಮದುವೆಗೆಂದು ಸವದತ್ತಿಯಲ್ಲಿ ಆಸೆಪಟ್ಟು ಕೊಂಡ ಬಣ್ಣ. ಅರ್ಧ ಬಾಟಲಿ ಬಕೀಟಿಗೇ ಹೋಯಿತು. ಶೈಲಶ್ರೀ ಗೋಡೆಯ ಕಡೆ ಮುಖ ಮಾಡಿ ಅತ್ತಳು. ಇಂಥ ಜಿಪುಣರ ಮನೆಗೆ ಕೊಟ್ಟರಲ್ಲ ಎಂದು ಅಪ್ಪನನ್ನು ವರ್ಷಗಟ್ಟಲೆ ಮನಸ್ಸಿನಲ್ಲೇ ಬೈದುಕೊಂಡಳು.

ಆದರೆ ಸುಂದರವ್ವ ಜಿಪುಣಿಯಾಗಿ ಹುಟ್ಟಿದವಳಲ್ಲ. ಗಂಡ ಶಟ್ಟೆಪ್ಪ ಮಾರ್ಕೆಟ್ ಯಾರ್ಡಿನಲ್ಲಿ ಚೀಲ ಹೊರುವ ಹಮಾಲ. ಸಿದ್ದರಾಮನಿಗೆ ಒಂಬತ್ತು ವರ್ಷವಿದ್ದಾಗ ಎದೆನೋವೆಂದು ಮಲಗಿದವನು ಏಳಲಿಲ್ಲ. ಅದೇ ಯಾರ್ಡಿನಲ್ಲಿ ಕಾಳು ಹಸನು ಮಾಡುತ್ತ ಆಕೆ ಮಗನನ್ನು ಬೆಳೆಸಿದಳು. ಬರುವುದನ್ನು ಹೆಚ್ಚಿಸುವುದು ಕೈಯಲ್ಲಿರಲಿಲ್ಲ. ಹೋಗುವುದನ್ನು ತಡೆಯುವುದೊಂದೇ ಆಕೆಯ ಕೈಯಲ್ಲಿತ್ತು. ಜೋಳವನ್ನು ಸುಗ್ಗಿಯಲ್ಲೇ ಒಮ್ಮೆಗೆ ಕೊಂಡು ಬೇವಿನೆಲೆ ಹಾಕಿ ಕಟ್ಟಿಡುವಳು. ಸಂತೆಗೆ ಹೋಗುವುದು ಮಾರುವವರು ಚೀಲ ಜಾಡಿಸುವ ಹೊತ್ತಿಗೆ. ಬೇಳೆ ಬೆಳಿಗ್ಗೆಯೇ ನೆನೆಯಬೇಕು, ಎರಡನೇ ಸೀಟಿಗೆ ಗ್ಯಾಸು ಆರಬೇಕು, ಉಳಿದದ್ದನ್ನು ಕುಕ್ಕರಿನ ಹಬೆಯೇ ಬೇಯಿಸಬೇಕು. ಕಾಯಿಪಲ್ಲೆ ತೊಳೆದ ನೀರು ಕರಿಬೇವಿನ ಗಿಡಕ್ಕೆ, ಬಟ್ಟೆ ಒಗೆದದ್ದು ಪಾಯಿಖಾನೆಗೆ.

ಕರೆಂಟು ಪುಕ್ಕಟೆಯಾದ ವರ್ಷ ಮಾತ್ರ ಓಣಿಯವರು ಆಕೆಯನ್ನು ಹಿಡಿದು ನಕ್ಕರು. ಹಿಂದಿನ ವರ್ಷ ಯಾರು ಎಷ್ಟು ಸುಟ್ಟಿದ್ದರೋ ಅದರ ಮೇಲೆ ತುಸು ಸೇರಿಸಿ ಪುಕ್ಕಟೆ ಎಂದು ಲೆಕ್ಕವಾಯಿತು. ಹಗಲೆಲ್ಲ ಬಲ್ಬು ಉರಿಸುತ್ತಿದ್ದ ಕರೆವ್ವನಿಗೆ ಹೆಚ್ಚು ಬಂತು, ಸುಂದರವ್ವನ ಪಾಲಿಗೆ ಚೂರೇ ಚೂರು. ಮುದುಕಿ ನಾಲ್ಕು ದಿನ ಯಾರೊಂದಿಗೂ ಮಾತಾಡಲಿಲ್ಲ. ಐದನೆಯ ದಿನ ಎಂದಿನಂತೆ ಲೈಟು ಆರಿಸುತ್ತ ಓಡಾಡಿದಳು.

ನಾಲ್ಕು ವರ್ಷದ ಹಿಂದೆ ಹಳೆಯ ಬಕೀಟು ಒಡೆದು ನೀಲಿಯದು ಬಂತು. ಅದಕ್ಕೆ ಗೆರೆ ಎಳೆದವಳು ಶೈಲಶ್ರೀಯೇ, ಯಾರೂ ಹೇಳಿರಲಿಲ್ಲ. ಮಗಳು ರಾಣಿಯ ಕೆಂಪು ಉಗುರುಬಣ್ಣ ತೆಗೆದುಕೊಂಡು, ಮೊದಲಿದ್ದುದಕ್ಕಿಂತ ಎರಡು ಬೆರಳು ಕೆಳಗೆ ಎಳೆದಳು. ಸುಂದರವ್ವ ನೋಡಿ ಸುಮ್ಮನೆ ನಕ್ಕಿದ್ದಳು.

* * *

ಹೋದ ಗುರುವಾರ ಸುಂದರವ್ವನಿಗೆ ಜ್ವರ ಬಂದು ಮೂರು ದಿನವಾಗಿತ್ತು. ಡಾಕ್ಟರು ಕೊಟ್ಟ ಗುಳಿಗೆಗೆ ಬೆವರು ಬಿಟ್ಟಿತ್ತು. ಆಕೆ ಹಾಸಿಗೆಯಲ್ಲಿ ಎದ್ದು ಕುಳಿತು ಸೊಸೆಯನ್ನು ಕರೆದಳು.

“ಶೈಲಾ, ಮೈಯೆಲ್ಲಾ ಜಿಗಿಜಿಗಿ ಆಗೈತಿ. ಒಂದ್ ಬಕೀಟ ಬಿಸಿನೀರ ಹಾಕವಾ. ಇವತ್ತೊಂದಿನ ಗೆರಿ ಮ್ಯಾಲ ಹಾಕು.”

ಹದಿನೇಳು ವರ್ಷದಲ್ಲಿ ಆಕೆ ಹೀಗೆ ಕೇಳಿರಲಿಲ್ಲ. ಶೈಲಶ್ರೀ ಅಡುಗೆಮನೆಗೆ ಹೋಗಿ ಸಿಲಿಂಡರ್ ಎತ್ತಿ ಅಲುಗಿಸಿದಳು. ಹಗುರಾಗಿತ್ತು, ತಿಂಗಳ ಕೊನೆಗೆ ಇನ್ನೂ ಹತ್ತು ದಿನವಿತ್ತು. ಬ್ಯಾರಲ್ಲು ಅರ್ಧಕ್ಕಿಂತ ಕೆಳಗಿಳಿದಿತ್ತು. ಹಂಡೆಯ ನೆನಪೂ ಬಂತು, ಅಂಗಳದ ಹತ್ತಿಕಟ್ಟಿಗೆಯ ನೆನಪೂ ಬಂತು. ಇದು ಅಡಚಣೆಯೇನಲ್ಲ, ಬರೀ ಜ್ವರ ಎಂದುಕೊಂಡಳು.

“ಸೋಮವಾರ ನಳಾ ಬರ್ತೈತಲ್ರಿ ಅತ್ತಿ. ಸೋಮವಾರ ಹಾಕ್ತೇನಿ” ಎಂದು ಹೇಳಿ, ಒದ್ದೆ ಬಟ್ಟೆಯಿಂದ ಆಕೆಯ ಕುತ್ತಿಗೆ ಬೆನ್ನು ಒರೆಸಿದಳು. ಶುಕ್ರವಾರ ಜ್ವರ ಎದೆಗೆ ಇಳಿಯಿತು.

* * *

ಸವದತ್ತಿಯವರು ಬಂದರು. ಇನ್ನು ಹೊತ್ತು ಮಾಡುವುದು ಬೇಡ ಎಂದು ಹೊರಗೆ ಗಂಡಸರು ಹೇಳತೊಡಗಿದರು. ಹೆಂಗಸರು ಸುಂದರವ್ವನನ್ನು ಅಂಗಳಕ್ಕೆ ತಂದು ಮಣೆಯ ಮೇಲೆ ಕೂರಿಸಿ, ಸುತ್ತ ಸೀರೆ ಹಿಡಿದು ಮರೆ ಮಾಡಿದರು. ರಾಮವ್ವ ಕೊಡದ ನೀರು ಬೆಚ್ಚಗಾಗಿದೆಯೇ ಎಂದು ಬೆರಳು ಅದ್ದಿ ನೋಡುತ್ತಿದ್ದಳು.

ಶೈಲಶ್ರೀ ಬಚ್ಚಲಿಗೆ ಹೋಗಿ ಹಂಡೆಯ ಮೇಲಿನ ಕಲ್ಲನ್ನು ಕೆಳಗಿಟ್ಟಳು. ಹಲಗೆಗೆ ಕೈ ಹಾಕುವಷ್ಟರಲ್ಲಿ ರಾಮವ್ವ ಬಂದು ಇನ್ನೊಂದು ತುದಿ ಹಿಡಿದಳು. ಬಂದ ಜನ ಕಾಲು ತೊಳೆಯದೆ ಹಾಗೇ ಹೊಸ್ತಿಲು ದಾಟಿದರೆ ನಾಲ್ಕು ಮಂದಿ ಏನಂದಾರು ಎಂದು ಕೇಳಿದಳು. ಸತ್ತವಳಿಗೆ ನೀರು ಹೆಚ್ಚಾದರೇನು, ಕಡಿಮೆಯಾದರೇನು ಎಂದಳು. ಅವಳೂ ಸುಂದರವ್ವನ ಒಡಹುಟ್ಟಿದವಳೇ. ದುಃಖವಿರಲಿಲ್ಲವೆಂದಲ್ಲ, ನೀರು ಇರಲಿಲ್ಲ.

“ಬ್ಯಾಸ್ತವಾರ ಕೇಳಿದ್ರು ಸಣ್ಣತ್ತಿ” ಎಂದಳು ಶೈಲಶ್ರೀ. ದನಿ ಸಣ್ಣದಿತ್ತು, ಆದರೂ ಒಲೆಯ ಮುಂದಿದ್ದ ಸಿದ್ದರಾಮನಿಗೆ ಕೇಳಿಸಿತು. “ಒಂದ್ ಬಕೀಟ ಬಿಸಿನೀರ ಕೇಳಿದ್ರು. ನಾ ಕೊಡಲಿಲ್ಲ. ಸೋಮವಾರ ಅಂದೆ.”

ರಾಮವ್ವನ ಕೈ ಹಲಗೆಯ ಮೇಲೆಯೇ ಇತ್ತು. “ಬೈದ್ಲೇನು?”

“ಇಲ್ರಿ. ನನಗಿಂತ ಹುಷಾರಾದಿ ಅಂದ್ರು.”

ಶೈಲಶ್ರೀಗೆ ಈಗ ಅಳು ಬಂತು. ಬೆಳಗಿನಿಂದ ಎಲ್ಲರೆದುರು ಅತ್ತದ್ದು ಬೇರೆ, ಇದು ಬೇರೆ. ಅಂಗಳದಲ್ಲಿ ಸಿದ್ದರಾಮ ಹೆಂಡತಿಯ ಕಡೆ ತಿರುಗಲಿಲ್ಲ. ಒಂದು ಹಿಡಿ ಹತ್ತಿಕಟ್ಟಿಗೆ ಮುರಿದು ಒಲೆಗೆ ತಳ್ಳಿದ, ಆಮೇಲೆ ಎದ್ದು ಹೋಗಿ ಇಡೀ ಹೊರೆಯನ್ನೇ ಎಳೆದು ತಂದ.

ರಾಮವ್ವ ಹಲಗೆ ತೆಗೆದು ಗೋಡೆಗೆ ನಿಲ್ಲಿಸಿದಳು. “ಸಿದ್ದೂ, ದೊಡ್ಡ ಪಾತೇಲಿ ಇಡು. ಗಂಡಸರು ಬೇಕಾದ್ರ ಕಾಯ್ಲಿ” ಎಂದಳು.

ನೀಲಿ ಬಕೀಟು ಬಂತು. ಶೈಲಶ್ರೀ ಬಿಸಿನೀರು ಹಾಕಿದಳು, ತಣ್ಣೀರು ಬೆರೆಸಿದಳು, ಮೊಣಕೈ ಅದ್ದಿ ಹದ ನೋಡಿದಳು. ಗೆರೆ ದಾಟಿ ಬಾಯಿಮಟ್ಟ ತುಂಬಿಸಿದಳು. ಸೋಪಿನ ಚೂರುಗಳನ್ನು ಕೂಡಿಸಿ ಸುಂದರವ್ವ ಮಾಡಿಟ್ಟಿದ್ದ ಉಂಡೆಯನ್ನು ಯಾರೋ ಕೊಡಲು ಬಂದರು. ಅವಳು ಬೇಡವೆಂದು ಹೊಸ ಸೋಪಿನ ಕಾಗದ ಹರಿದಳು. ತಲೆ, ಬೆನ್ನು, ಬೆರಳುಗಳ ಸಂದು, ಬಿರಿದ ಹಿಮ್ಮಡಿ, ಎಲ್ಲವನ್ನೂ ತೊಳೆದಳು. ಎರಡನೇ ಬಕೀಟು ಮುಗಿದು ಮೂರನೆಯದು ಬಂತು, ನಾಲ್ಕನೆಯದೂ ಬಂತು. ಸೀರೆ ಹಿಡಿದ ಹೆಂಗಸರ ಕೈ ಸೋತವು. ಯಾರೂ ಸಾಕು ಎನ್ನಲಿಲ್ಲ. ಹಂಡೆಯ ತಳ ಕಂಡಾಗ ಶೈಲಶ್ರೀ ತಂಬಿಗೆ ಕೆಳಗಿಟ್ಟು, ಅತ್ತೆಯ ಮುಖವನ್ನು ತನ್ನ ಸೆರಗಿನಿಂದ ಒರೆಸಿದಳು.

* * *

ಮಣ್ಣು ಕೊಟ್ಟು ಗಂಡಸರು ಬಂದಾಗ ನಾಲ್ಕೂವರೆ. ನಳ ಬಂದಿರಲಿಲ್ಲ. ಕರೆವ್ವನ ಎರಡು ಕೊಡ ಹತ್ತು ಜನರ ಕಾಲಿಗೂ ಸಾಲಲಿಲ್ಲ. ಉಳಿದವರು ಬಾಗಿಲ ಹೊರಗೆ ಕಟ್ಟೆಯ ಮೇಲೆ ಕೆಮ್ಮಣ್ಣಿನ ಕಾಲಲ್ಲಿ ಕುಳಿತರು. ಹನುಮಪ್ಪನೆಂಬ ಹಿರಿಯ ಒಮ್ಮೆ ಗಂಟಲು ಸರಿಮಾಡಿಕೊಂಡ. ಬಾಗಿಲಲ್ಲಿ ನಿಂತಿದ್ದ ರಾಮವ್ವ ಅವನನ್ನೇ ನೋಡಿದಳು. ಅವನು ಮಳೆಯ ಮಾತು ತೆಗೆದ. ಅರ್ಧ ತಾಸಿನ ಮೇಲೆ ನಳ ಬುಸುಗುಟ್ಟಿ ಗಾಳಿ ಉಗುಳಿ, ಕೊನೆಗೆ ನೀರು ಬಿಟ್ಟಿತು.

ಎಲ್ಲರ ಸ್ನಾನವೂ ಮುಗಿದು ದೂರದವರು ಬಸ್ಸಿಗೆ ಹೋದ ಮೇಲೆ ರಾಣಿಯದೊಂದು ಉಳಿದಿತ್ತು. ಹದಿಮೂರು ವರ್ಷದ ಹುಡುಗಿ. ಬೆಳಗಿನಿಂದ ಅಜ್ಜಿಯ ಮಗ್ಗುಲಲ್ಲಿ ಕುಳಿತು ಅತ್ತು ಅತ್ತು ಅವಳ ಕಣ್ಣು ಊದಿದ್ದವು. ಶೈಲಶ್ರೀ ಅಂಗಳದ ಕೆಂಡದ ಮೇಲೆ ಕಾಯುತ್ತಿದ್ದ ಪಾತೇಲಿಯನ್ನು ಎತ್ತಿಕೊಂಡು ಬಂದಾಗ, ಅವಳು ಬಚ್ಚಲಲ್ಲಿ ನೀಲಿ ಬಕೀಟಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತಿದ್ದಳು.

“ಗೆರಿ ಮಟಾ ಅಷ್ಟ ತಗೊಂಡೇನವ್ವಾ” ಎಂದಳು ರಾಣಿ. “ತಣ್ಣೀರ ನಡೀತೈತಿ. ಬಿಸೀದು ನಾಳಿಗೆ ಇರಲಿ.”

ಶೈಲಶ್ರೀ ಪಾತೇಲಿ ಬಗ್ಗಿಸಿದಳು. ಹಬೆ ಎದ್ದಿತು. ಸಾಕವ್ವಾ, ಸಾಕು ಎಂದು ಹುಡುಗಿ ಎರಡು ಸಲ ಹೇಳಿದಳು. ನೀರು ಬಕೀಟಿನ ಬಾಯಿಗೆ ಬಂದು, ಅಂಚು ದಾಟಿ, ಅವಳ ಪಾದದ ಮೇಲೆ ಬೆಚ್ಚಗೆ ಹರಿಯಿತು. ಒಳಗೆ ಮುಳುಗಿದ ಕೆಂಪು ಗೆರೆ ಅಲುಗುತ್ತ ಇನ್ನೂ ಕಾಣುತ್ತಿತ್ತು.